ನೀರಿಗೆ ಬೆನ್ನು ಹಾಕಿದ ದಿನ

ಈ ಕಡಲ ತೀರದಲ್ಲಿ ಎಲ್ಲರೂ ನನ್ನ ತಮ್ಮನಿಗೆ ಇಟ್ಟಿರುವ ಹೆಸರು ಸಿಡುಕಣ್ಣ. ಇಟ್ಟವರ ಬಾಯಿಗೆ ಮಣ್ಣು ಬೀಳಲಿ. ಹೌದು, ಅವನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇದೆ. ನನಗೂ ಇದೆ. ನಮ್ಮಪ್ಪ ನಮ್ಮಿಬ್ಬರಿಗೂ ಬಿಟ್ಟುಹೋದ ಆಸ್ತಿ ಅದೊಂದೇ. ಆದರೆ ಅವನು ಯಾಕೆ ಸಿಡುಕುತ್ತಾನೆ ಎಂದು ಇವತ್ತಿನವರೆಗೆ ಒಬ್ಬರಾದರೂ ಕೇಳಿದ್ದರೆ ನಾನು ಇಷ್ಟು ಮಾತಾಡಬೇಕಾಗಿರಲಿಲ್ಲ.

ನೀರಿಗಿಳಿದವರನ್ನು ಕಾಯುವುದು ಅವನ ಕೆಲಸ. ಕೆಂಪು ಅಂಗಿ, ಕೊರಳಲ್ಲಿ ಸೀಟಿ, ಕಂಕುಳಲ್ಲಿ ಒಂದು ತೇಲುವ ಟ್ಯೂಬು. ನಮ್ಮ ತೀರ ಬೇರೆ ತೀರಗಳ ಹಾಗಲ್ಲ. ಮರಳು ಮುಗಿದರೆ ಒಂದು ಸಣ್ಣ ರಸ್ತೆ, ರಸ್ತೆ ದಾಟಿದರೆ ತಂತಿ ಬೇಲಿ, ಬೇಲಿಯ ಆಚೆಗೆ ರನ್‌ವೇ. ವಿಮಾನಗಳು ಸಮುದ್ರದ ಮೇಲಿಂದ ಬಂದು, ಮರಳಲ್ಲಿ ಮಲಗಿದವರ ಹೊಟ್ಟೆ ಸವರಿಕೊಂಡು ಹೋದ ಹಾಗೆ ಇಳಿಯುತ್ತವೆ. ಅದನ್ನು ನೋಡಲೆಂದೇ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ನಾನು ಅಲ್ಲೇ ಟೋಪಿ ಮಾರುತ್ತೇನೆ. ವಿಮಾನದ ಗಾಳಿಗೆ ಇದ್ದ ಟೋಪಿ ಹಾರಿ ನೀರುಪಾಲಾದರೆ ಇನ್ನೊಂದಕ್ಕೆ ನನ್ನ ಹತ್ತಿರವೇ ಬರಬೇಕು. "ವಿಮಾನಾನ ಬೈಬೇಡ ಅಕ್ಕ, ಅದು ನಿನ್ನ ವ್ಯಾಪಾರದ ಪಾಲುದಾರ" ಎಂದು ತಮ್ಮ ಕಿಚಾಯಿಸುತ್ತಿದ್ದ.

ಅವನು ಮಾತ್ರ ಇಷ್ಟು ವರ್ಷಗಳಲ್ಲಿ ಒಂದೇ ಒಂದು ವಿಮಾನ ಇಳಿಯುವುದನ್ನೂ ನೋಡಿದವನಲ್ಲ. ಸದ್ದು ಕೇಳಿದ ಕೂಡಲೇ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ನೀರಿನಂಚಿಗೆ ಓಡುತ್ತಾನೆ. ಯಾಕೆಂದರೆ ಆ ಹೊತ್ತಿನಲ್ಲಿ ಒಂದು ನರಪಿಳ್ಳೆಯೂ ನೀರಿನ ಕಡೆ ನೋಡುತ್ತಿರುವುದಿಲ್ಲ. ಅಪ್ಪ, ಅಮ್ಮ, ಅಜ್ಜಿ, ಎಲ್ಲರ ಮುಖವೂ ಆಕಾಶಕ್ಕೆ, ಎಲ್ಲರ ಕೈಯಲ್ಲೂ ಫೋನು. ಯಾರು ಕೂಗಿದರೂ ಕೇಳಿಸದು, ಸೀಟಿ ಊದಿದರೂ ಅಷ್ಟೇ. ವಿಮಾನ ಬಂತೆಂದು ಸಮುದ್ರ ಸುಮ್ಮನೆ ನಿಲ್ಲುತ್ತದೆಯೇ? ಕಾಲಡಿಯ ಮರಳನ್ನು ಎಳೆದುಕೊಂಡು ಹೋಗುತ್ತಲೇ ಇರುತ್ತದೆ. ಆಗ ಅವನೊಬ್ಬನೇ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯಬೇಕು. ಅಂಥ ಹೊತ್ತಲ್ಲಿ "ಅಣ್ಣಾ, ಅದು ಯಾವ ವಿಮಾನ?" ಎಂದು ಯಾವನಾದರೂ ಹೆಗಲು ತಟ್ಟಿದರೆ ಸಿಡುಕದೆ ಇನ್ನೇನು ಮುದ್ದು ಮಾಡುತ್ತಾನೆಯೇ? ಅಪ್ಪನಿಗೆ ವಿಮಾನ ಅಂದರೆ ಭಯ ಎಂದು ಅವನ ಮಗಳೇ ಶಾಲೆಯಲ್ಲಿ ಹೇಳಿಕೊಂಡು ಬಂದಿದ್ದಳು.

ಆವತ್ತು ಬಂದದ್ದು ಎರಡಂತಸ್ತಿನ ದೊಡ್ಡ ವಿಮಾನ. ತೀರಕ್ಕೆ ತೀರವೇ ಎದ್ದು ನಿಂತಿತ್ತು. ನಾನು ಟೋಪಿಗಳ ಮೇಲೆ ಕೈ ಒತ್ತಿ ಹಿಡಿದಿದ್ದೆ. ತಮ್ಮ ಟ್ಯೂಬು ಹಿಡಿದು ನೀರಿಗೆ ಹಾರಿದ್ದು ಕಂಡಿತು. ಮೊಣಕಾಲುದ್ದದ ನೀರಲ್ಲಿ ಆಡುತ್ತಿದ್ದ ಒಂದು ಪುಟ್ಟ ಹುಡುಗಿಯನ್ನು ಅಲೆ ಎಳೆದುಕೊಂಡು ಹೋಗಿತ್ತು. ಅವನು ಹೋಗಿ ಮುಟ್ಟುವಾಗ ಕೂದಲು ಮಾತ್ರ ಮೇಲೆ ಕಾಣುತ್ತಿತ್ತಂತೆ. ಎತ್ತಿ ತಂದು ಮರಳಲ್ಲಿ ಮಗ್ಗುಲಾಗಿ ಮಲಗಿಸಿದ. ನೀರು ಕಕ್ಕಿದಳು, ಕೆಮ್ಮಿದಳು, ಆಮೇಲೆ ಜೋರಾಗಿ ಅತ್ತಳು. ಅವಳು ಅತ್ತ ಮೇಲೆ ನನಗೆ ಉಸಿರು ಬಂತು.

ಆಗ ಬಂದ ಅವಳಪ್ಪ. ಕೈಯಲ್ಲಿ ಫೋನು, ಮುಖದ ತುಂಬ ನಗು. "ಏನ್ ಪುಟ್ಟಿ, ಪೂರ್ತಿ ಒದ್ದೆ ಆಗ್ಬಿಟ್ಯಾ? ಅಪ್ಪ ಎಂಥ ವಿಡಿಯೋ ತೆಗ್ದಿದೀನಿ ನೋಡು!"

ಮಗಳು ಸಾವಿನ ಬಾಯಿಂದ ವಾಪಸು ಬಂದಿದ್ದಾಳೆ ಎಂಬುದೇ ಆ ಮಹಾರಾಯನಿಗೆ ಗೊತ್ತಿಲ್ಲ. ತಮ್ಮ ಎದ್ದು ನಿಂತು ಅವನ ಕೆನ್ನೆಗೆ ಒಂದು ಬಾರಿಸಿದ. ಸದ್ದು ನನ್ನ ಅಂಗಡಿಯವರೆಗೂ ಕೇಳಿಸಿತು. ನಿಜ ಹೇಳುತ್ತೇನೆ, ನನ್ನ ಹೊಟ್ಟೆ ತಣ್ಣಗಾಯಿತು.

ಮರುದಿನ ಬೆಳಿಗ್ಗೆಯೇ ಮೇಲ್ವಿಚಾರಕ ಮನೆ ಬಾಗಿಲಿಗೆ ಬಂದ. ಮನೆ ಎಂದರೆ ತೀರದ ಹಿಂದಿನ ಎರಡು ಕೋಣೆ, ತಮ್ಮನ ಕೆಲಸದ ಜೊತೆ ಕೊಟ್ಟದ್ದು. ಅದರಲ್ಲಿ ನಾನು, ತಮ್ಮ, ಅವನ ಹೆಂಡತಿ, ಇಬ್ಬರು ಮಕ್ಕಳು. "ಅವ್ರು ದೊಡ್ಡ ಹೋಟೆಲಿನ ಅತಿಥಿ, ದೂರು ಕೊಟ್ಟಿದಾರೆ. ಇವತ್ತು ತೀರಕ್ಕೆ ಬರ್ತಾರೆ, ಕ್ಷಮೆ ಕೇಳ್ಬೇಕು. ಇಲ್ಲಾಂದ್ರೆ ಕೆಲಸಾನೂ ಇಲ್ಲ, ಈ ಮನೇನೂ ಇಲ್ಲ" ಎಂದು ಬಾಗಿಲಲ್ಲೇ ನಿಂತು ಹೇಳಿ ಹೋದ. ಆ ಮಗು ಹೇಗಿದೆ ಎಂದು ಬಾಯಿಮಾತಿಗೂ ಕೇಳಲಿಲ್ಲ.

ತಮ್ಮ ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದ. "ಅಕ್ಕ, ನಾನು ಕೇಳಲ್ಲ."

"ಕೇಳ್ತೀಯ."

"ತಪ್ಪು ಅವ್ನದು."

"ಹೌದು ಕಣೋ, ಅವ್ನದೇ. ಅದನ್ನ ಬೇಯಿಸ್ಕೊಂಡು ತಿನ್ನೋಕಾಗುತ್ತಾ? ಹೆಂಡ್ತಿ ಮಕ್ಕಳನ್ನ ಕಟ್ಕೊಂಡು ಯಾವ ಬೀದಿಗೆ ಹೋಗ್ತೀಯ? ಬಾಯಿ ತೆಗಿ, ತಪ್ಪಾಯ್ತು ಅನ್ನು, ಬಾಯಿ ಮುಚ್ಚು. ನಿನ್ನ ಗಂಟೇನು ಹೋಗುತ್ತೆ?"

"ಅತ್ತಿಗೆ, ಅವ್ರು ಹೇಳ್ತಾರೆ ಬಿಡಿ" ಎಂದು ಒಳಗಿನಿಂದ ಅವನ ಹೆಂಡತಿ ಮೆಲ್ಲಗೆ ಹೇಳಿದಳು. ನನ್ನ ಕೂಗಾಟಕ್ಕೆ ಬಗ್ಗದವನು ಆ ಮೆಲುದನಿಗೆ ಬಗ್ಗಿದ. ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತಾ, "ನೀನು ಪಕ್ಕದಲ್ಲೇ ನಿಂತ್ಕೋ ಅಕ್ಕ. ಇಲ್ದಿದ್ರೆ ಇನ್ನೊಂದು ಕೊಟ್ಬಿಡ್ತೀನಿ" ಎಂದ.

ಅವರು ಬಂದಾಗ ಬಿಸಿಲೇರಿತ್ತು, ನೀರಿನ ತುಂಬ ಜನ. ಆ ಅಪ್ಪನೆಂಬ ಪ್ರಾಣಿ ಕಪ್ಪು ಕನ್ನಡಕ ಹಾಕಿಕೊಂಡು ಮೇಲ್ವಿಚಾರಕನ ಜೊತೆ ಬಂದು ನಿಂತ. ತಮ್ಮ ನೀರಿನ ಮೇಲಿನ ಕಣ್ಣನ್ನು ಒಂದು ಗಳಿಗೆ ಇತ್ತ ತಿರುಗಿಸಿ, "ಕೈ ಮಾಡಿದ್ದು ತಪ್ಪಾಯ್ತು ಸಾರ್" ಎಂದ. ಚೆನ್ನಾಗಿಯೇ ಹೇಳಿದ. ಸದ್ಯ, ಮುಗಿಯಿತಲ್ಲ ಎಂದುಕೊಂಡೆ.

"ಹೀಗೆ ಬೇಡ" ಎಂದು ಆ ಅಪ್ಪ ಫೋನು ತೆಗೆದ. "ನಾನು ಏಟು ತಿಂದಿದ್ದನ್ನ ಎಲ್ರೂ ನೋಡಿದಾರೆ. ಇದನ್ನೂ ನೋಡ್ಲಿ. ಸ್ವಲ್ಪ ಈ ಕಡೆ ತಿರುಗಿ, ಸಮುದ್ರಕ್ಕೆ ಬೆನ್ನು ಹಾಕಿ ನಿಂತ್ಕೊಳ್ಳಿ. ಅಲ್ಲಿ ವಿಮಾನ ಬರ್ತಿದೆ, ಹಿಂದೆ ಚೆನ್ನಾಗಿ ಕಾಣುತ್ತೆ."

ತಮ್ಮ ಕದಲಲಿಲ್ಲ. "ನಿಂತ್ಕೊಳ್ಳಯ್ಯಾ, ಒಂದ್ ನಿಮಿಷದ ಕೆಲಸ" ಎಂದ ಮೇಲ್ವಿಚಾರಕ. ತಮ್ಮ ನನ್ನ ಮುಖ ನೋಡಿದ. ನಾನು ಆ ಎರಡು ಕೋಣೆಗಳನ್ನು ನೆನೆದು, ಹೂಂ ನಿಲ್ಲು ಎಂದು ತಲೆ ಆಡಿಸಿದೆ.

ತಿರುಗಿದ. ಅವನ ಭುಜದ ಹಿಂದೆ ವಿಮಾನ ದೊಡ್ಡದಾಗುತ್ತಾ ಬಂತು. ಸದ್ದು ಏರಿತು, ನೀರಲ್ಲಿದ್ದವರ ಕತ್ತುಗಳೆಲ್ಲ ಮೇಲಕ್ಕೆದ್ದವು. ತಮ್ಮನ ಮುಖ ಬಿಳುಚಿಕೊಂಡಿತು. ಅವನು ಫೋನನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದ. ಅಕ್ಕ, ನೀನಾದರೂ ನೋಡುತ್ತಿರು ಎಂದು ಆ ಕಣ್ಣು ಬೇಡುತ್ತಿತ್ತು. ಅವನ ಬದಲಿಗೆ ನಾನು ನೀರನ್ನು ನೋಡಿದೆ. ಎಷ್ಟೊಂದು ತಲೆ, ಎಷ್ಟೊಂದು ಕೈ! ಯಾವ ಕೈ ಆಟದ್ದು, ಯಾವ ಕೈ ಪ್ರಾಣ ಬಿಡುತ್ತಿರುವುದು, ನನಗೆ ಒಂದೂ ತಿಳಿಯಲಿಲ್ಲ. ಆ ಗದ್ದಲದಲ್ಲಿ ತಮ್ಮನ ತುಟಿ ಅಲುಗಿದ್ದು ಮಾತ್ರ ಕಂಡಿತು.

ವಿಮಾನ ದಾಟಿದ ಮೇಲೆ ಆ ಅಪ್ಪ ಫೋನು ಕಿವಿಗೆ ಹಿಡಿದು ವಿಡಿಯೋ ಕೇಳಿನೋಡಿದ. "ಛೆ, ಮಾತೇ ಕೇಳಿಸ್ತಿಲ್ಲ. ಹಾಗೇ ನಿಂತಿರಿ. ಮುಂದಿನ ವಿಮಾನ ಬರ್ಲಿ, ಇನ್ನೊಂದ್ಸಲ ಜೋರಾಗಿ ಹೇಳಿ."

ನನ್ನ ಪಿತ್ತ ನೆತ್ತಿಗೇರಿತು. "ಏನಯ್ಯಾ, ಮನುಷ್ಯನೇನಯ್ಯಾ ನೀನು? ನಿನ್ನೆ ಇವನು ಹೀಗೆ ಬೆನ್ನು ಹಾಕಿ ನಿಂತಿದ್ರೆ ಇವತ್ತು ಯಾವ ವಿಡಿಯೋ ತೆಗೀತಿದ್ದೆ?"

"ಏಯ್, ಸುಮ್ನಿರಮ್ಮ! ಇವನ ಕೆಲಸ ಹೋಗುತ್ತೆ" ಎಂದ ಮೇಲ್ವಿಚಾರಕ.

"ಹೋಗ್ಲಿ!" ಎಂದೆ. ಬೆಳಿಗ್ಗೆ ತಮ್ಮನಿಗೆ ಬುದ್ಧಿ ಹೇಳಿದ ಬಾಯಿಯಿಂದಲೇ ಅದು ಬಂತು. "ಲೋ, ತಿರುಗೋ! ನೀರು ನೋಡೋ!"

ನನ್ನ ಮಾತು ಮುಗಿಯುವ ಮೊದಲೇ ಅವನು ತಿರುಗಿಯಾಗಿತ್ತು.

"ಅಂಗಿ ಬಿಚ್ಚಿಡು" ಎಂದ ಮೇಲ್ವಿಚಾರಕ. ತಮ್ಮ ನೀರಿನಿಂದ ಕಣ್ಣು ತೆಗೆಯದೆ ಕೆಂಪು ಅಂಗಿ ಬಿಚ್ಚಿದ, ಸೀಟಿ ತೆಗೆದ, ಎರಡನ್ನೂ ಹಿಂದಕ್ಕೆ ಚಾಚಿದ. ಮೇಲ್ವಿಚಾರಕ ಇಸಿದುಕೊಂಡ. ತಮ್ಮ ಬರಿಮೈಯಲ್ಲಿ ಅಲ್ಲೇ ನಿಂತ.

"ಹೇಳಿದ್ದು ಕೇಳಿಸ್ಲಿಲ್ವಾ? ಮನೆಗೆ ಹೋಗು."

"ಬದಲಿ ಯಾರು ಸಾರ್?"

"ಅದೆಲ್ಲ ನಿಂಗ್ಯಾಕೆ? ಮಧ್ಯಾಹ್ನದ ಮೇಲೆ ಯಾರನ್ನಾದ್ರೂ ಕಳಿಸ್ತೀನಿ."

"ಹಾಗಾದ್ರೆ ಮಧ್ಯಾಹ್ನದ ಮೇಲೆ ಹೋಗ್ತೀನಿ" ಎಂದ ತಮ್ಮ. "ನೀರಲ್ಲಿ ಜನ ಇದಾರೆ."