ನಿರಾಪದನ ಕಾಲ್ಗುಣ

ಕುರ್ಚಿ ಕೊಟ್ಟರೂ ಕೂರದ ಕಾವಲುಗಾರ ಆ ಮಹಲಿನಲ್ಲಿ ನಿರಾಪದ ಮಾಖಾಲ್ ಒಬ್ಬನೇ. ತಮ್ಮ ರಾಣಿಯ ಹೆಸರು ಮೆರೆಸಲೆಂದು ಬಿಳಿಯರು ಕಲ್ಕತ್ತೆಯ ಮೈದಾನದ ಅಂಚಿಗೆ ಕಟ್ಟಿಸಿದ ಅಮೃತಶಿಲೆಯ ಮಹಲು ಅದು, ಈಗ ಮ್ಯೂಸಿಯಂ. ಚಿತ್ರಪಟಗಳಲ್ಲಿ ಲಾಟ್ ಸಾಹೇಬರೆಲ್ಲ ಹಾಯಾಗಿ ನಿಂತಿರುತ್ತಿದ್ದರು, ಅವರನ್ನು ಕಾಯುವವನು ಮಾತ್ರ ಶತಪಥ ಹಾಕುತ್ತಿದ್ದ. ಒಂದು ಕಾಲಕ್ಕೆ ಸಣ್ಣ ಕ್ಲಬ್ಬೊಂದರ ಫುಟ್‌ಬಾಲ್ ಆಟಗಾರ. ಈ ನೌಕರಿಯೂ ಆಟ ಕೊಡಿಸಿದ್ದೇ. ಓಡುವ ಕಾಲನ್ನು ತಂದು ಚಿತ್ರಗಳ ಮುಂದೆ ನಿಲ್ಲಿಸಿದವರಿಗೆ ಏನನ್ನಬೇಕು!

ಅಂದು ಚಡಪಡಿಕೆ ವಿಪರೀತವಾಗಿತ್ತು. ರಸ್ತೆಯಾಚೆ ಮೈದಾನದಲ್ಲಿ ಮಗಳು ಝಿನುಕ್ ಫುಟ್‌ಬಾಲ್ ಫೈನಲ್ ಆಡುತ್ತಿದ್ದಳು. ಅಪ್ಪ ನೋಡಲು ಹೋದ ಪಂದ್ಯಗಳನ್ನೆಲ್ಲ ಅವಳು ಸೋತಿದ್ದಳು. ದೋಷ ತನ್ನದೇ ಎಂದು ತೀರ್ಮಾನಿಸಿದ್ದ ಪುಣ್ಯಾತ್ಮ ರಜೆಯ ದಿನವೂ ಡ್ಯೂಟಿ ಹಾಕಿಸಿಕೊಂಡಿದ್ದ.

"ಹೋಗಿ ನೋಡ್ಕೊಂಡ್ ಬಾರೋ, ಇಲ್ಲಿ ನಾನಿರ್ತೀನಿ," ಅಂದ ಪಕ್ಕದ ಕೋಣೆಯ ಹಿರಿಯ ಕಾವಲುಗಾರ ಸುಬಲ್. ಅಣ್ಣನೆಂಬ ಗೌರವಕ್ಕೆ ನಿರಾಪದ ಅವನ ಹೆಸರಿಗೆ 'ದಾ' ಸೇರಿಸುತ್ತಿದ್ದ.

"ಬೇಡ ಸುಬಲ್‌ದಾ. ನನ್ ಕಾಲ್ಗುಣ ನಿಮಗ್ಗೊತ್ತಲ್ಲ."

"ನಿನ್ ಕಾಲ್ಗುಣ ಅಷ್ಟೊಂದ್ ಜೋರಾಗಿದ್ರೆ ಈ ಗೋಡೆ ಮೇಲಿನ ಸಾಹೇಬ್ರೆಲ್ಲ ಯಾವತ್ತೋ ಕೆಳಗ್ ಬೀಳ್ತಿದ್ರಲ್ಲೋ!"

ನಿರಾಪದನಿಗೆ ನಗು ಬರಲಿಲ್ಲ. ಮೈದಾನದಿಂದ ಹೋ ಎಂಬ ಕೂಗು ತೇಲಿಬಂತು. ಗೋಲು! ಯಾರದ್ದು? ಕಿಟಕಿಗೆ ಓಡಿದವನು, ಇಣುಕಿದರೆ ಅದೂ ನೋಡಿದ ಲೆಕ್ಕವಾದೀತೆಂದು ಹೆದರಿ ಗೋಡೆಗೆ ಮುಖ ಮಾಡಿ ನಿಂತ. ಆ ಸಂಕಟದಲ್ಲಿ, ಕೆಸರು ಚಪ್ಪಲಿಯಲ್ಲಿ ಬಂದ ಯಾರನ್ನೋ ಸುಮ್ಮನೆ ಗದರಿದ.

ಮುಚ್ಚುವ ಹೊತ್ತಿಗೆ ಸಿಬ್ಬಂದಿಯ ಬಾಗಿಲಿನಿಂದ ಝಿನುಕ್ ಬಂದಳು. ಅತ್ತು ಕಣ್ಣು ಊದಿಕೊಂಡಿತ್ತು. ಬೂಟಿನ ಕೆಸರೆಲ್ಲ ಬಿಳಿ ನೆಲಕ್ಕೆ ಅಂಟುತ್ತಿತ್ತು, ಅವನಿಗೆ ಅದು ಕಾಣಲೇ ಇಲ್ಲ.

"ಸೋತ್ವಿ ಬಾಬಾ. ಕೊನೇ ಪೆನಾಲ್ಟಿ ನಾನೇ ಆಚೆ ಹೊಡ್ದೆ."

"ಆದ್ರೆ ನಾನು ಬಂದೇ ಇರ್ಲಿಲ್ವಲ್ಲ ಮಾ! ಕಿಟಕೀಲೂ ಇಣುಕ್ಲಿಲ್ಲ, ಬೇಕಾದ್ರೆ ಸುಬಲ್‌ದಾನ ಕೇಳು."

"ಗೊತ್ತು. ನೀನ್ ಬರ್ದಿದ್ರೂ ಸೋಲ್ತೀನಿ ನಾನು, ಸಾಕಾ? ಇಡೀ ಆಟ ನೀನೆಲ್ಲಾದ್ರೂ ಮರದ ಹಿಂದೆ ನಿಂತಿದೀಯೇನೋ ಅಂತ ಹುಡುಕ್ತಾ ಇದ್ದೆ."

ಮಗಳು ಸೋತು ಬಂದಾಗ ಯಾವ ಅಪ್ಪನೂ ಹಾಗೆ ನಗಬಾರದು. ನಿರಾಪದ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಝಿನುಕ್ ಮುನಿಸಿನಿಂದ ಅವನ ತೋಳಿಗೆ ಗುದ್ದಿದಳು.

"ಮುಂದಿನ ಆಟ ಯಾವತ್ತು?" ಎಂದು ಕೇಳುತ್ತಲೇ ಕುರ್ಚಿ ಎಳೆದು, ಸಾಹೇಬರೆಲ್ಲ ನೋಡುತ್ತಿರುವಂತೆಯೇ ಕಾಲು ಚಾಚಿ ಕೂತುಬಿಟ್ಟ.