ಅಮ್ಮ ಹತ್ತದ ಬೆಟ್ಟ

ಇಟಲಿಗೆ ಹೋಗಬೇಕಾಗಿದ್ದವನು ನನ್ನ ತಮ್ಮ.

ಬೈಯಪ್ಪನಹಳ್ಳಿ ದಾಟಿ ಕೆ.ಆರ್. ಪುರಂ ಕಡೆಗೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ಟೈಲ್ಸ್ ಅಂಗಡಿ ಇದೆ. ಅಪ್ಪ ಹೋದ ಮೇಲೆ ಅದನ್ನು ಅಕ್ಕ ತಮ್ಮ ನಾವಿಬ್ಬರೇ ನಡೆಸುತ್ತಿದ್ದೆವು. ಬಿಲ್ಲು, ಬೈಗುಳ ನನ್ನ ಪಾಲಿಗೆ. ಮಾತು, ಮಾರಾಟ ಅವನ ಪಾಲಿಗೆ. ಬಚ್ಚಲಿಗೆ ನಾಲ್ಕು ಬಾಕ್ಸ್ ಕೇಳಿಕೊಂಡು ಬಂದವರ ತಲೆಗೆ ಅಡುಗೆಮನೆ, ಹಾಲ್, ಟೆರೇಸು ಎಲ್ಲವನ್ನೂ ತುಂಬಿ ಕಳಿಸುವ ಪೈಕಿ ಅವನು. ಚೆನ್ನಾಗಿ ವ್ಯಾಪಾರ ಮಾಡಿದ ಅಂಗಡಿಯವರನ್ನು ಟೈಲ್ಸ್ ಕಂಪನಿಯವರು ವಿದೇಶ ಸುತ್ತಿಸುವುದು ಈ ಧಂದೆಯಲ್ಲಿ ಮಾಮೂಲು. ಯಾವಾಗಲೂ ಬ್ಯಾಂಕಾಕ್. ಆ ಸಲ ಇಟಲಿ, ಅಂಗಡಿಗೆ ಎರಡು ಸೀಟು ಅಂದರು. ಅವನು ಹಟಕ್ಕೆ ಬಿದ್ದು ಟಾರ್ಗೆಟ್ ಮುಟ್ಟಿಸಿದ. ಕಂಪನಿಯವರು ಕೊಟ್ಟ ಪುಸ್ತಕದಿಂದ ಕಡಲ ತೀರದ ಒಂದು ಊರಿನ ಫೋಟೋ ಕತ್ತರಿಸಿ ಗಲ್ಲಾದ ಹಿಂದೆ ಅಂಟಿಸಿದ. ಬಂದ ಗಿರಾಕಿಗಳಿಗೆಲ್ಲ ಅದನ್ನು ತೋರಿಸಿ, "ಮುಂದಿನ್ ಸಲ ಬಂದ್ರೆ ನಾನ್ ಸಿಗಲ್ಲ ಸಾರ್, ಇಲ್ಲಿರ್ತೀನಿ" ಅನ್ನುತ್ತಿದ್ದ.

ಒಂದು ಬೆಳಿಗ್ಗೆ ಶಟರ್ ಎತ್ತಲು ಬಗ್ಗಿದವನು ಹಾಗೇ ಕುಸಿದ. ನಾನು ಪಕ್ಕದಲ್ಲೇ ನಿಂತು, ಬೇಗ ಎತ್ತೋ ಎಂದು ರೇಗುತ್ತಿದ್ದೆ. ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ಹೃದಯ ಅಂದರು. ಇನ್ನೂ ಮದುವೆಯಾಗಿರಲಿಲ್ಲ.

ಮನೆಯಲ್ಲಿ ಸಾವಾದರೆ ವರ್ಷ ತುಂಬುವವರೆಗೆ ಬೆಟ್ಟ ಹತ್ತಬಾರದು ಎಂಬುದು ನಮ್ಮ ಕಡೆಯ ಕಟ್ಟಳೆ. ಹಬ್ಬ ಮಾಡುವಂತಿಲ್ಲ, ತಿರುಪತಿಗೆ ಹೋಗುವಂತಿಲ್ಲ, ಅಮಾವಾಸ್ಯೆಗೊಮ್ಮೆ ಸತ್ತವರಿಗೆ ಎಲೆ ಹಾಕಿ ಎಡೆ ಇಡಬೇಕು. ಆದರೆ ಮದುವೆಯಾಗದ ಹುಡುಗನಿಗೆ ಇಷ್ಟೆಲ್ಲ ಬೇಡ, ಮೂರು ತಿಂಗಳಾದರೆ ಸಾಕು ಎಂದು ಊರಿನಿಂದ ಬಂದಿದ್ದ ದೊಡ್ಡಪ್ಪ ಹೇಳಿದರು. ಅಮ್ಮ ಆವರೆಗೆ ಅವರ ಎದುರು ದನಿ ಎತ್ತಿದವಳಲ್ಲ.

"ಮದ್ವೆ ಆಗ್ದಿದ್ರೆ ಅವ್ನು ಮನ್ಷ ಅಲ್ವಾ ಭಾವ?" ಅಂದಳು.

ಅಮ್ಮ ವರ್ಷದ ಕಟ್ಟಳೆಯನ್ನೇ ಹಿಡಿದಳು. ಹಲಸೂರಿನ ಮನೆಯಲ್ಲಿ ಯುಗಾದಿಗೆ ಒಬ್ಬಟ್ಟಾಗಲಿಲ್ಲ, ಬಾಗಿಲಿಗೆ ಮಾವಿನೆಲೆ ಬೀಳಲಿಲ್ಲ. ಅಮಾವಾಸ್ಯೆ ಬಂದರೆ ಶಿವಾಜಿನಗರದಿಂದ ಮಟನ್ ಕೈಮಾ ತರಿಸಿ, ಅವನಿಗೆ ಇಷ್ಟವಾದ ಉಂಡೆ ಸಾರು ಮಾಡಿ, ಎಲೆಯ ಮೇಲೆ ಬಡಿಸಿ, ಅವನು ಬಂದು ಉಣ್ಣಲಿ ಎಂದು ಬಾಗಿಲು ಮುಂದೆ ಮಾಡಿಕೊಂಡು ಜಗಲಿಯಲ್ಲಿ ಕೂರುತ್ತಿದ್ದಳು. ಪಕ್ಕದ ಬೀದಿಯ ನನ್ನ ಮನೆಯಿಂದ ಹೋಗಿ ನಾನೂ ಜೊತೆಗೆ ಕೂರುತ್ತಿದ್ದೆ. ಕೂರಬೇಕೆಂದೇನೂ ಇರಲಿಲ್ಲ. ಕೊಟ್ಟ ಹೆಣ್ಣು ಹೊರಗಿನವಳು, ನನಗೆ ಸೂತಕ ಮೂರೇ ದಿನ. ಅದು ಕಳೆದ ಮೇಲೆ ತಲೆಗೆ ನೀರು ಹಾಕಿಕೊಂಡು ಹೋಗಿ ಅಂಗಡಿ ತೆಗೆದಿದ್ದೆ. ಯಾರೂ ತಪ್ಪು ಅನ್ನಲಿಲ್ಲ. ಅನ್ನಲಿ ಎಂದು ನಾನು ಕಾದಿದ್ದೆನೋ ಏನೋ.

ಪ್ರವಾಸದ ಹೊತ್ತು ಬಂದಾಗ ಕಂಪನಿಯವರು ಸೀಟು ಹಾಗೇ ಇದೆ, ಬೇರೆಯವರನ್ನು ಕರೆತನ್ನಿ ಅಂದರು. ಅಮ್ಮನನ್ನು ಕರೆದುಕೊಂಡು ಹೋಗು, ಗಾಳಿ ಬದಲಾದರೆ ಮನಸ್ಸೂ ಬದಲಾಗುತ್ತದೆ ಎಂದು ನನ್ನ ಗಂಡ ಹೇಳಿದರು. ಅಮ್ಮ ಒಪ್ಪುವುದಿಲ್ಲವೆಂದೇ ನಾನು ತಿಳಿದಿದ್ದೆ. ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಹೆಂಗಸು. ಅವಳು ಕೇಳಿದ್ದು ಒಂದೇ, ಅದು ಅವನ ಸೀಟಾ ಎಂದು. ಹೌದೆಂದೆ. ಬರುತ್ತೇನೆ ಅಂದಳು. ಪಾಸ್‌ಪೋರ್ಟ್ ಆಫೀಸಿನ ಕ್ಯೂನಲ್ಲೂ ತಕರಾರು ಮಾಡಲಿಲ್ಲ. ಅವನು ಸಂಪಾದಿಸಿದ್ದನ್ನು ಅಮ್ಮನಾದರೂ ಕಣ್ತುಂಬ ನೋಡಲಿ ಎಂಬುದೊಂದೇ ನನ್ನ ಆಸೆ. ಅದರ ಮುಂದೆ ನನಗೆ ಬೇರೇನೂ ಬೇಕಿರಲಿಲ್ಲ.

ಇಟಲಿಯಲ್ಲಿ ಮೊದಲೆರಡು ದಿನ ಟೈಲ್ಸ್ ಫ್ಯಾಕ್ಟರಿಗಳನ್ನು ತೋರಿಸಿದರು. ಆಮೇಲೆ ಕಡಲಿನ ಕಡೆಗೆ ಹೊರಟೆವು. ಗಲ್ಲಾದ ಹಿಂದಿನ ಫೋಟೋದ ಊರು ಅಂದೇ ಇತ್ತು. ರಸ್ತೆ ಹಾವಿನ ಹಾಗೆ ಹೊರಳುತ್ತಿತ್ತು, ಒಂದು ಕಡೆ ಬಂಡೆ, ಇನ್ನೊಂದು ಕಡೆ ನೀರು. ದೊಡ್ಡ ಬಸ್ಸು ಕಡಲ ದಂಡೆಯ ಒಂದು ಪುಟ್ಟ ಊರಿನಲ್ಲಿ ನಿಂತಿತು. ಇಲ್ಲಿಂದ ಸಣ್ಣ ಬಸ್ಸಿನಲ್ಲಿ ಮೇಲೆ ಹೋಗಬೇಕು ಎಂದರು. ಅಮ್ಮ ಸೆರಗಿನ ಮೇಲೆ ಹಾಕಿಕೊಂಡಿದ್ದ ಸ್ವೆಟರ್ ಸರಿಮಾಡಿಕೊಂಡು ಕತ್ತೆತ್ತಿ ನೋಡಿದಳು. ನಮ್ಮ ತಲೆಯ ನೇರಕ್ಕೆ, ಮೋಡದ ಹತ್ತಿರ, ಫೋಟೋದ ಊರಿತ್ತು.

"ಬೆಟ್ಟ ಅಲ್ವೇನೆ ಇದು?" ಅಂದಳು.

ನನಗೆ ಆಗಲೇ ಹೊಳೆದದ್ದು. ಬೆಟ್ಟದ ಮೇಲೆ ನಿಂತು ತೆಗೆದ ಫೋಟೋದಲ್ಲಿ ಬೆಟ್ಟ ಎಲ್ಲಿ ಕಾಣುತ್ತದೆ? ಅದರಲ್ಲಿದ್ದದ್ದು ಗುಮ್ಮಟ, ಒಂದು ಮರ, ಅದರಾಚೆ ಬರೀ ನೀಲಿ. ಸಮುದ್ರದ ಊರು ಅಂತಲೇ ನಾವೆಲ್ಲ ಅನ್ನುತ್ತಿದ್ದೆವು. ಅಮ್ಮ ಅಲ್ಲೇ ಕಲ್ಲುಕಟ್ಟೆಯ ಮೇಲೆ ಕೂತುಬಿಟ್ಟಳು.

ನಮ್ಮ ಗುಂಪಿನಲ್ಲಿ ಶಿವಾಜಿನಗರದ ಒಬ್ಬ ಹಿರಿಯ ವ್ಯಾಪಾರಿ ಇದ್ದರು, ನಾವೆಲ್ಲ ಸಾಹೇಬರೇ ಅನ್ನುತ್ತಿದ್ದೆವು. ಅವರು ಮೆತ್ತಗೆ, ಇದು ದೇವರ ಬೆಟ್ಟ ಅಲ್ಲ ಅಮ್ಮಾ, ಟೂರಿಸ್ಟ್ ಬೆಟ್ಟ, ದೋಷ ಬರಲ್ಲ ಎಂದು ಹೇಳಿ ನೋಡಿದರು. ಬೆಟ್ಟ ಬೆಟ್ಟವೇ ಅಲ್ಲವೇನಪ್ಪ ಅಂದಳು ಅಮ್ಮ. ಅಷ್ಟೆತ್ತರದ ವಿಮಾನ ಹತ್ತಿದೆಯಲ್ಲ ಎಂದು ನಾನು ರೇಗಿದೆ. ಅದು ಅವಳು ಹತ್ತಿದ್ದಲ್ಲವಂತೆ, ವಿಮಾನವೇ ಹೊತ್ತುಕೊಂಡು ಹೋಗಿದ್ದಂತೆ. ಬಸ್ಸೂ ಹೊತ್ತುಕೊಂಡೇ ಹೋಗುತ್ತದೆ ಅಂದೆ. ಅವಳು ಚಪ್ಪಲಿ ಬಿಟ್ಟು ಕಾಲು ಕಟ್ಟೆಯ ಮೇಲೆ ಎತ್ತಿಕೊಂಡಳು. ಸಣ್ಣ ಬಸ್ಸಿನ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ.

"ನೀನ್ ಹೋಗಿ ಬಾ. ಕೊಟ್ಟ ಹೆಣ್ಣು, ನಿಂಗೇನೂ ಇಲ್ಲ."

ಅವಳು ಅದನ್ನು ಸಮಾಧಾನಕ್ಕೆ ಹೇಳಿದ್ದು. ನನಗೆ ಮೈಯೆಲ್ಲ ಉರಿಯಿತು. ಮಂಡಿ ನೋವೆಂದು ಸಾಹೇಬರು ಕೆಳಗೇ ಉಳಿದರು, ಅಮ್ಮನ ಬಳಿ ಇರುತ್ತೇನೆ ಅಂದರು. ನಾನು ತಿರುಗಿಯೂ ನೋಡದೆ ಬಸ್ಸು ಹತ್ತಿದೆ.

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅನ್ನುತ್ತಾರೆ. ಇದು ಹತ್ತಿರದಿಂದಲೂ ನುಣ್ಣಗೇ ಇತ್ತು, ಅದೇ ನನಗೆ ಇನ್ನಷ್ಟು ಸಿಟ್ಟು ತಂದಿತು. ಕಲ್ಲು ಹಾಸಿದ ಓಣಿಗಳು, ಗೋಡೆಯಿಂದ ಇಳಿಬಿದ್ದ ಹೂವಿನ ಬಳ್ಳಿ, ತೆಂಗಿನಕಾಯಿಯಷ್ಟು ದಪ್ಪದ ನಿಂಬೆಹಣ್ಣು. ಒಂದು ಹಳೆಯ ತೋಟದ ಕೊನೆಗೆ ಹೋದರೆ ನೆಲ ಮುಗಿದು ಬರೀ ಆಕಾಶ. ಕೆಳಗೆ ಸಮುದ್ರ ಅಲ್ಲಾಡದೆ ಬಿದ್ದಿತ್ತು. ಫೋಟೋ ತೆಗೆದ ಜಾಗ ಅದೇ. ಅದೇ ಗುಮ್ಮಟ, ಅದೇ ಮರ. ಎಲ್ಲರೂ ಅಲ್ಲಿ ನಿಂತು ನಗುತ್ತ ಫೋಟೋ ತೆಗೆಸಿಕೊಂಡರು, ನನ್ನದೂ ಒಂದು ತೆಗೆದರು. ಅದರಲ್ಲಿ ನಾನು ಸಾಲ ವಸೂಲಿಗೆ ಬಂದವಳ ಹಾಗೆ ನಿಂತಿದ್ದೇನೆ.

ಇನ್ನೊಂದು ಚರ್ಚಿನ ಗುಮ್ಮಟಕ್ಕೆ ಪೂರಾ ಟೈಲ್ಸ್ ಹಾಕಿದ್ದರು. ಹಸಿರು, ಹಳದಿ, ಮೀನಿನ ಹುರುಪೆಯಂತೆ ಒಂದರ ಮೇಲೊಂದು. ಅದನ್ನು ನೋಡುತ್ತಿದ್ದಂತೆ ಅವನ ದನಿ ಕಿವಿಯಲ್ಲೇ ಕೇಳಿದಂತಾಯಿತು: ನಮ್ಮೂರಲ್ಲೂ ಗೋಪುರಕ್ಕೆ ಹಿಂಗೆ ಹಾಕ್ಸಂಗಿದ್ರೆ, ಅಕ್ಕ, ನಾವು ಬಚ್ಚಲು ಮಾರೋದೇ ಬಿಟ್ಬಿಡ್ಬೋದಿತ್ತು. ಖಂಡಿತ ಹಾಗೇ ಅನ್ನುತ್ತಿದ್ದ. ನನಗೆ ನಗು ಬಂತು, ಅದರ ಹಿಂದೆಯೇ ಅಳು ನುಗ್ಗಿತು. ಅವನು ಸತ್ತ ಮೇಲೆ ನಾನು ಹಾಗೆ ಅತ್ತಿದ್ದೇ ಇಲ್ಲ. ಮೂರು ದಿನ ಮನೆ ತುಂಬ ಜನ, ಅಮ್ಮನನ್ನು ಹಿಡಿದುಕೊಳ್ಳುವುದೇ ಆಗಿತ್ತು; ನಾಲ್ಕನೆಯ ದಿನದಿಂದ ಗಿರಾಕಿಗಳು. ಪರದೇಶದ ಬೀದಿಯಲ್ಲಿ, ಗುರುತಿಲ್ಲದ ಜನರ ನಡುವೆ, ಮೂಗು ಸೋರಿಸಿಕೊಂಡು ಅತ್ತೆ. ಒಬ್ಬ ಅಜ್ಜಿ ನನ್ನ ಬೆನ್ನು ಸವರಿ ಏನೋ ಹೇಳಿ ಹೋದಳು.

ಇಳಿದು ಬಂದಾಗ ಅಮ್ಮ ಅದೇ ಕಟ್ಟೆಯ ಮೇಲೆ ಚಪ್ಪಲಿ ಬಿಟ್ಟು ಕಡಲು ನೋಡುತ್ತ ಕೂತಿದ್ದಳು. ಸಾಹೇಬರು ಸ್ವಲ್ಪ ದೂರದಲ್ಲಿ ಐಸ್‌ಕ್ರೀಂ ತಿನ್ನುತ್ತಿದ್ದರು. ಹೆಂಗಿತ್ತು ಅಂದಳು. ಟೈಲ್ಸ್ ಗುಮ್ಮಟದ ಬಗ್ಗೆ ಹೇಳಿದೆ. ಅವನು ನೋಡಿದ್ದರೆ ಏನನ್ನುತ್ತಿದ್ದ ಎಂದು ಕೇಳಿದಳು, ಅದನ್ನೂ ಹೇಳಿದೆ. ಅಮ್ಮ ನಕ್ಕಳು, ಕಣ್ಣೊರೆಸಿಕೊಂಡಳು. ನನ್ನ ಸಿಟ್ಟು ಅಷ್ಟು ಹೊತ್ತಿಗೆ ಇಳಿದಿತ್ತು. ಆದರೂ ಕೇಳಿದೆ, ದೊಡ್ಡಪ್ಪನೇ ಬೇಡ ಅಂದ ಮೇಲೂ ಯಾಕಮ್ಮ ಇಷ್ಟು ಹಟ ಎಂದು.

"ವರ್ಷ ಆದ್ಮೇಲೆ ಹಿರೀಕರ ಜೊತೆ ಸೇರಿಸ್ಬಿಡ್ತಾರೆ ಕಣೆ ಅವನ್ನ. ಆಮೇಲೆ ಬೇರೆ ಎಲೆ ಹಾಕಂಗಿಲ್ಲ. ನಿಮ್ಮಪ್ಪ, ನಿಮ್ ತಾತ, ಎಲ್ರಿಗೂ ಒಂದೇ ಎಡೆ. ಅಲ್ಲಿಗಂಟ ಅವನ್ಗೆ ಅಂತ ಮಾಡಕ್ಕೆ ನಂಗೊಂದಿಷ್ಟು ಕೆಲ್ಸ ಐತೆ. ಅದನ್ನೂ ಯಾಕೆ ಕಿತ್ಕೊಂತೀಯ?"

ನಾನೂ ಚಪ್ಪಲಿ ಬಿಟ್ಟು ಪಕ್ಕದಲ್ಲಿ ಕೂತೆ. ಬಸ್ಸು ಹೊರಡುವವರೆಗೂ ಇಬ್ಬರೂ ಕಡಲು ನೋಡಿದೆವು.

ಊರಿಗೆ ಬಂದ ಕೆಲವು ತಿಂಗಳಿಗೆ ವರ್ಷ ತುಂಬಿತು. ಪೂಜೆ ಮಾಡಿ ಅವನನ್ನು ಹಿರಿಯರ ಜೊತೆ ಸೇರಿಸಿದರು. ಅಮ್ಮ ಅವನ ಎಲೆಯನ್ನು ತಾನೇ ಮಡಚಿ ಎತ್ತಿದಳು, ಯಾರಿಗೂ ಮುಟ್ಟಗೊಡಲಿಲ್ಲ. ಮರುತಿಂಗಳು ಬೀದಿಯ ಹೆಂಗಸರ ಜೊತೆ ತಿರುಪತಿಗೆ ಹೋಗಿ, ಬೆಟ್ಟ ಹತ್ತಿ, ಲಾಡು ತಂದು ಹಂಚಿದಳು. ಈಗ ಯಾರು ಎಲ್ಲಿಗೆ ಕರೆದರೂ ಹೊರಡುತ್ತಾಳೆ. ಅಳು ನಿಂತಿದೆಯೆಂದಲ್ಲ, ಅವಳ ಕೆಲಸ ಮುಗಿದಿದೆ.

ಬೆಟ್ಟ ಹತ್ತದವಳು ಈಗ ನಾನು. ಮಕ್ಕಳು ನಂದಿಬೆಟ್ಟ ಅಂದರೆ ಅಂಗಡಿಯಲ್ಲಿ ಕೆಲಸವಿದೆ ಅನ್ನುತ್ತೇನೆ, ತಿರುಪತಿ ಅಂದರೆ ಮುಂದಿನ ಸಲ ನೋಡೋಣ ಅನ್ನುತ್ತೇನೆ. ಗಂಡನಿಗೂ ಕಾರಣ ಹೇಳಿಲ್ಲ. ಅಮ್ಮನಿಗೆ ಒಂದು ವರ್ಷವಿತ್ತು, ಅದು ತುಂಬಿತು. ನನಗೆ ಯಾರೂ ವರ್ಷ ಕೊಟ್ಟಿರಲಿಲ್ಲ, ನಾನೇ ಹಿಡಿದುಕೊಂಡೆ. ಅದು ಯಾವತ್ತು ತುಂಬುತ್ತದೆ ಎಂದು ಯಾರನ್ನು ಹೋಗಿ ಕೇಳಲಿ?