ಸೋಮವಾರ ಬಾಗಿಲು ತೆರೆದ ಸಾಹುಕಾರರು

ಬೆಳಿಗ್ಗೆ ಹಣೆ ತುಂಬ ಬಳಿದುಕೊಂಡ ವಿಭೂತಿ ಮಧ್ಯಾಹ್ನದ ಹೊತ್ತಿಗೆ ಸಾಹುಕಾರರ ಎಡಹುಬ್ಬಿನ ಮೇಲೆ ಮಾತ್ರ ಉಳಿದಿರುತ್ತಿತ್ತು. ಬಲಭುಜದ ಟವೆಲ್ಲಿನಿಂದ ಬೆವರು ಒರೆಸಿಕೊಳ್ಳುವುದು ಅವರ ಅಭ್ಯಾಸ. ಬಲಗಡೆಯದೆಲ್ಲ ಟವೆಲ್ಲಿನ ಪಾಲು. ಕೊಬ್ಬರಿಯ ಜಿಡ್ಡು ಹಿಡಿದ ಆ ಟವೆಲ್ಲನ್ನು ಒಗೆಯಲು ಹೆಂಡತಿ ಕೇಳಿದರೆ "ಇನ್ನೊಂದಿನ ತಡೀತದೆ ಬಿಡೇ" ಎನ್ನುತ್ತಿದ್ದರು. ಅವರ ಒಂದು ದಿನವೆಂದರೆ ಒಂದು ವಾರವೆಂದು ಇಡೀ ಗಂಡಸಿ ಊರಿಗೇ ಗೊತ್ತಿತ್ತು.

ಅವರ ಕೊಬ್ಬರಿ ಅಂಗಳಕ್ಕೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ನಾನು ಆ ಊರಿಗೆ ಸೊಸೆಯಾಗಿ ಬಂದಾಗಿನಿಂದ ದಿನವೂ ಕೇಳುತ್ತಿದ್ದದ್ದು, ನೆಲಕ್ಕೆ ನೆಟ್ಟ ಹಾರೆಗೆ ಕಾಯಿ ಕುಕ್ಕಿ ಸುಲಿಯುವ ಸದ್ದು ಮತ್ತು ಸಾಹುಕಾರರ ಗದರಿಕೆ. ವರ್ಷವಿಡೀ ಅಟ್ಟದಲ್ಲಿ ಒಣಗಿದ ಕಾಯಿಯನ್ನು ಅವರು ಕಿವಿಯ ಹತ್ತಿರ ಹಿಡಿದು ಕುಲುಕುತ್ತಿದ್ದರು. ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಗುಡುಗುಡು ಎಂದರೆ ಒಡೆಯುವುದಕ್ಕೆ, ಇಲ್ಲದಿದ್ದರೆ ಮತ್ತೆ ಅಟ್ಟಕ್ಕೆ. ಮನುಷ್ಯರ ವಿಷಯದಲ್ಲೂ ಅವರದು ಇದೇ ಕ್ರಮ. ಯಾರಾದರೂ ಇನ್ನೊಬ್ಬರನ್ನು ಕೆಲಸಕ್ಕೆ ಬಾರದವನು ಎಂದು ಹಳಿದರೆ, "ಕುಲುಕಿ ನೋಡಿದ್ಯೇನ್ಲಾ? ನೋಡ್ದೆ ಒಡೀಬ್ಯಾಡ" ಎಂದು ಬಾಯಿ ಮುಚ್ಚಿಸುತ್ತಿದ್ದರು.

ನಮ್ಮೂರ ಮೇಲೆ ಹಾದುಹೋಗುವ ರಸ್ತೆಯನ್ನು ಅಗಲ ಮಾಡುವ ಕೆಲಸ ಬಂತು. ಸರ್ಕಾರದ ದುಡ್ಡಿನ ಕೆಲಸ. ಸುತ್ತಲಿನ ಹಳ್ಳಿಯವರಿಗೆ ಮೊದಲು ಕೆಲಸ ಕೊಡಬೇಕು, ಸಾಲದಿದ್ದರೆ ಮಾತ್ರ ಹೊರಗಿನವರನ್ನು ಕರೆತರಬೇಕು ಎಂಬ ಷರತ್ತೂ ಇತ್ತು. ಆದರೆ ಗುತ್ತಿಗೆದಾರರು ಜನರನ್ನು ಲಾರಿಯಲ್ಲಿ ತುಂಬಿಕೊಂಡೇ ಬಂದಿದ್ದರು. ನಾನು ಮದುವೆಗೆ ಮುಂಚೆ ಐಟಿಐನಲ್ಲಿ ಸರ್ವೆ ಕಲಿತವಳು. ಚಿಕ್ಕ ಮಗಳನ್ನು ಬಿಟ್ಟು ದೂರದ ಊರಿಗೆ ಹೋಗಲಾರದೆ, ಕಲಿತದ್ದನ್ನೆಲ್ಲ ಒಲೆಯ ಮುಂದೆ ಮರೆಯುತ್ತಾ ಕೂತಿದ್ದೆ. ಮನೆಯ ಬಾಗಿಲಿಗೇ ಬಂದ ಕೆಲಸವೂ ಕೈತಪ್ಪಿತೆಂದು ನನಗೆ ಹೊಟ್ಟೆ ಉರಿಯಿತು.

ಪಂಚಾಯಿತಿಯಲ್ಲಿ ಸಭೆ ಸೇರಿತು. ಗುತ್ತಿಗೆದಾರರ ಕಡೆಯ ಇಂಜಿನಿಯರು ಚಿಕ್ಕ ವಯಸ್ಸಿನವರು, ಸಭ್ಯರು. "ನಮಗೂ ಲೋಕಲ್ ಜನ ಬಂದ್ರೆ ಒಳ್ಳೇದೇ ಸಾರ್. ಆದ್ರೆ ನಾಲ್ಕು ದಿನ ಬರ್ತಾರೆ, ಐದನೇ ದಿನ ನೆಂಟರ ಮದುವೆ ಅಂತಾರೆ" ಎಂದರು. ನಮ್ಮವರು ತಲೆ ತಗ್ಗಿಸಿದರು. ಮಾತು ಪೂರ್ತಿ ಸುಳ್ಳೇನಾಗಿರಲಿಲ್ಲ.

ಸಾಹುಕಾರರು ಎದ್ದರು. "ಕುಲುಕಿ ನೋಡಿ ಹೇಳಿ ಸಾರ್. ನಮ್ಮೂರ ಮಣ್ಣು ಅಗೀತೀರಿ, ನಮ್ಮೋರು ಬೇಲಿ ಪಕ್ಕ ನಿಂತು ನೋಡ್ಬೇಕಾ? ಷರತ್ತು ಐತೆ, ನಡೆಸಿ. ಇವ್ರು ಬರದಿದ್ರೆ ನನ್ನ ಕೇಳಿ."

ಹಿಂದಿನಿಂದ ಯಾರೋ ಕಿಚಾಯಿಸಿದರು. "ಎಲ್ರೂ ರಸ್ತೆಗೆ ಹೋದ್ರೆ ನಿಮ್ಮ ಕಾಯಿ ಸುಲಿಯೋರ್ಯಾರು ಸಾಹುಕಾರ್ರೇ?"

"ನನ್ನ ಕಾಯಿ ಅಟ್ಟದಲ್ಲೇ ಇರ್ಲಿ ಬಿಡೋ. ರಸ್ತೆ ಕೆಲಸ ಏನು ವರ್ಷಾ ವರ್ಷಾ ಬತ್ತದಾ?"

ನಗು ಎದ್ದಿತು. ಆದರೆ ಅದು ನಗುವ ಮಾತಾಗಿರಲಿಲ್ಲ. ಅವರ ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದ ಗಂಡಸರು, ಚಿಪ್ಪು ಒಡೆಯುತ್ತಿದ್ದ ಹೆಂಗಸರು ಬಹುಪಾಲು ರಸ್ತೆ ಕೆಲಸಕ್ಕೆ ಸೇರಿಕೊಂಡರು. ಸರ್ವೆಯವರ ಜೊತೆ ಅಳತೆಕೋಲು ಹಿಡಿಯಲು ನನ್ನನ್ನು ಕಳಿಸಿದವರೂ ಅವರೇ. ನಮ್ಮತ್ತೆ "ಹೆಣ್ಣುಮಗಳು ರೋಡಲ್ಲಿ ಕೋಲು ಹಿಡ್ಕೊಂಡು ನಿಲ್ಲೋದಾ?" ಎಂದು ಗೊಣಗಿದಾಗ, "ಮನೇಲಿ ಸೌಟು ಹಿಡಿದ್ರೆ ಆಯ್ತದೆ, ರೋಡಲ್ಲಿ ಕೋಲು ಹಿಡಿದ್ರೆ ಆಗಲ್ವೇನವ್ವ?" ಎಂದು ಗೋಡೆಯಾಚೆಯಿಂದಲೇ ಕೇಳಿದರು. ಹೊರಗಿನಿಂದ ಬಂದಿದ್ದವರನ್ನೂ ಅವರು ಓಡಿಸಲಿಲ್ಲ. ತಮ್ಮ ಖಾಲಿ ಗೋದಾಮಿನಲ್ಲಿ ಮಲಗಲು ಜಾಗ ಕೊಟ್ಟು, "ಅವ್ರೂ ಹೆತ್ತೋರ ಮಕ್ಕಳೇ. ಅವ್ರ ಮ್ಯಾಲೆ ನಮಗೇನು ಜಗಳ?" ಎಂದರು.

ಎಲ್ಲ ಸುಸೂತ್ರವಾಯಿತು ಎನ್ನುವಾಗ ಸೋಮವಾರ ಬಂತು. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ದಿನ. ಆರು ಕಟ್ಟದ, ಎಂದರೆ ನೇಗಿಲು ಹೂಡದ ದಿನ ಭೂಮಿ ಅಗೆಯುವುದೂ ಇಲ್ಲವೆಂದು ನಮ್ಮವರ ರೂಢಿ. ಯಾರೂ ಯಾರಿಗೂ ಹೇಳದೆಯೇ ಊರಿಗೆ ಊರೇ ಕೆಲಸಕ್ಕೆ ಹೋಗಲಿಲ್ಲ. ನಮ್ಮತ್ತೆ ನನ್ನನ್ನೂ ಹೊಸ್ತಿಲು ದಾಟಲು ಬಿಡಲಿಲ್ಲ. ಟಿಪ್ಪರುಗಳು ಸಾಲಾಗಿ ನಿಂತವು. ಮುಂದಿನ ಸೋಮವಾರವೂ ಹಾಗೆಯೇ ಆಯಿತು. ಮಂಗಳವಾರ ಇಂಜಿನಿಯರು, "ಬರೋ ಸೋಮವಾರ ಬರದಿದ್ರೆ ಯಾರೂ ಬರೋದೇ ಬೇಡ. ನಾನು ಎಲ್ಲಾ ಕೆಲಸಕ್ಕೂ ಹೊರಗಿನವರನ್ನೇ ಕರೆಸ್ತೀನಿ" ಎಂದುಬಿಟ್ಟರು. ಕೋಪ ಮಾಡಿಕೊಳ್ಳದೆ ಹೇಳಿದ್ದಕ್ಕೇ ನನಗೆ ಹೆಚ್ಚು ಭಯವಾಯಿತು.

ಎಲ್ಲರೂ ಸಾಹುಕಾರರ ಜಗುಲಿಗೆ ಹೋದೆವು. ಸೋಮವಾರದ ವಿಷಯದಲ್ಲಿ ಅವರಷ್ಟು ಕಟ್ಟುನಿಟ್ಟಿನವರು ಊರಲ್ಲಿರಲಿಲ್ಲ. ಆ ದಿನ ಅವರು ತಕ್ಕಡಿ ಮುಟ್ಟುತ್ತಿರಲಿಲ್ಲ, ಅಂಗಳದ ಬಾಗಿಲು ತೆಗೆಯುತ್ತಿರಲಿಲ್ಲ, ಸಂಜೆಯವರೆಗೆ ಉಪವಾಸ. ನಮ್ಮ ಪರವಾಗಿ ಮಾತಾಡಿ ಸೋಮವಾರ ರಜ ಕೊಡಿಸುತ್ತಾರೆಂದು ನಮ್ಮ ನಂಬಿಕೆ.

ಅವರು ಎಲ್ಲ ಕೇಳಿಸಿಕೊಂಡು, "ಸೋಮವಾರ ಆರು ಕಟ್ಟಬ್ಯಾಡಿ ಅಂತ ಹಿರೀಕರು ಯಾರಿಗೋಸ್ಕರ ಹೇಳಿದ್ರು?" ಎಂದರು.

"ಬಸವಣ್ಣನಿಗೋಸ್ಕರ. ಮೂಕಪ್ರಾಣಿ, ವಾರದಲ್ಲಿ ಒಂದಿನ ದಣಿವಾರಿಸಿಕೊಳ್ಳಲಿ ಅಂತ."

"ಸರಿ. ನಿಮ್ಮಲ್ಲಿ ಬಸವಣ್ಣ ಯಾರು? ಮುಂದೆ ಬನ್ನಿ, ಪೂಜೆ ಮಾಡಿ ಹಿಂಡಿ ಇಡ್ತೀನಿ."

ಯಾರೂ ಮುಂದೆ ಬರಲಿಲ್ಲ. ಅವರ ಅಂಗಳದಲ್ಲೇ ಹಿಂದೆ ಕಾಯಿ ಸುಲಿಯುತ್ತಿದ್ದವನೊಬ್ಬ ಮಾತ್ರ ಬಿಡಲಿಲ್ಲ. "ಹಂಗಾದ್ರೆ ನೀವ್ಯಾಕೆ ಸೋಮವಾರ ಬಾಗಿಲು ಹಾಕ್ತೀರಿ ಸಾಹುಕಾರ್ರೇ? ನಿಮ್ಮ ಅಂಗಳದಲ್ಲಿ ಎತ್ತು ಎಲ್ಲಿ ಅವೆ?"

ಅವರು ಬೈಯುತ್ತಾರೆಂದು ಕಾದೆವು. ಟವೆಲ್ಲು ತೆಗೆದು ಮುಖ ಒರೆಸಿಕೊಂಡರು. "ಅದೂ ನಿಜ ಕಣ್ಲಾ" ಎಂದಷ್ಟೇ ಹೇಳಿ ಒಳಗೆ ಹೋದರು.

ಆ ಸೋಮವಾರ ಬೆಳಿಗ್ಗೆ, ಹೋಗುವುದೋ ಬಿಡುವುದೋ ಎಂದು ನಮ್ಮ ಮನೆಯಲ್ಲಿ ಇನ್ನೂ ತಕರಾರು ನಡೆದಿತ್ತು. ಅಷ್ಟರಲ್ಲಿ ಗೋಡೆಯಾಚೆ ಹಾರೆಗೆ ಕಾಯಿ ಕುಕ್ಕುವ ಸದ್ದು. ಒಂದು ಸದ್ದಿಗೂ ಇನ್ನೊಂದಕ್ಕೂ ತಾಳಮೇಳವಿಲ್ಲ. ಬೀದಿಗೆ ಬಂದು ನೋಡಿದರೆ ಅಂಗಳದ ಬಾಗಿಲು ಹಾರುಹೊಡೆದಿತ್ತು. ಪೂಜೆ ಮುಗಿಸಿದ ಸಾಹುಕಾರರು ಪಂಚೆ ಎತ್ತಿಕಟ್ಟಿಕೊಂಡು ತಾವೇ ಕಾಯಿ ಸುಲಿಯುತ್ತಿದ್ದರು. ಸುಲಿಯುತ್ತಿದ್ದರು ಎನ್ನುವುದು ನನ್ನ ಮರ್ಯಾದೆಯ ಮಾತು. ಜನ್ಮವೆಲ್ಲ ಕೊಬ್ಬರಿ ವ್ಯಾಪಾರ ಮಾಡಿದರೂ ಹಾರೆಯ ಮುಂದೆ ನಿಂತು ಅಭ್ಯಾಸವಿರಲಿಲ್ಲ. ಮಟ್ಟೆ ಒಂದು ಕಡೆ, ಕಾಯಿ ಒಂದು ಕಡೆ ಹಾರುತ್ತಿತ್ತು. ಅಂಗೈ ತರಚಿ ರಕ್ತ ಬಂದಿತ್ತು. ಹೆಂಡತಿ ಬಾಗಿಲಲ್ಲಿ ಮುಖ ಊದಿಸಿಕೊಂಡು ನಿಂತಿದ್ದರು.

ಬುತ್ತಿ ಹಿಡಿದು ಹೊರಟಿದ್ದವರು, ಹೊರಡದೆ ನಿಂತಿದ್ದವರು ಎಲ್ಲರೂ ಅಲ್ಲಿ ನಿಂತು ನೋಡಿದರು. ಜಗುಲಿಯಲ್ಲಿ ಪ್ರಶ್ನೆ ಕೇಳಿದ್ದವನು, "ಕಾಯಿ ಅಡ್ಡ ಹಿಡೀಬ್ಯಾಡಿ ಸಾಹುಕಾರ್ರೇ" ಎಂದ.

"ನೀನು ಹೋಗ್ಲಾ ಕೆಲಸಕ್ಕೆ" ಎಂದರು ಅವರು, ತಲೆ ಎತ್ತದೆ.

ನಾವು ಹೋದೆವು. ನಮ್ಮತ್ತೆಯೇ ನನ್ನ ಬುತ್ತಿ ತಂದು ಕೈಗಿಟ್ಟರು. ಆಮೇಲೆ ಸಾಹುಕಾರರು ಇಂಜಿನಿಯರ ಹತ್ತಿರ ಮಾತಾಡಿ, ಸೋಮವಾರ ಪೂಜೆ ಮುಗಿಸಿಕೊಂಡು ಸ್ವಲ್ಪ ತಡವಾಗಿ ಬರಲು ಒಪ್ಪಿಸಿದರು. ರಸ್ತೆ ಮುಗಿಯುವವರೆಗೆ ಆ ಕೆಲಸ ನಮ್ಮವರ ಕೈಯಲ್ಲೇ ಉಳಿಯಿತು.

ರಸ್ತೆ ಮುಗಿದ ಮೇಲೆ ಅವರ ಅಂಗಳಕ್ಕೆ ಜನ ಮರಳಲಿಲ್ಲ. ರೋಲರು, ಟಿಪ್ಪರು ಓಡಿಸಲು ಕಲಿತವರು ಹಳೇಬೀಡು, ಬೇಲೂರು ಕಡೆಯ ಕೆಲಸಗಳಿಗೆ ಹೊರಟರು. ಅಟ್ಟದ ಕಾಯಿಗೆ ಕೈ ಸಾಲದೆ ಅವರ ವ್ಯಾಪಾರ ವರ್ಷದಿಂದ ವರ್ಷಕ್ಕೆ ಇಳಿಯಿತು. ಕೊನೆಗೆ ಬಂದ ಬೆಳೆಯನ್ನು ಹಸಿಕಾಯಿಯಲ್ಲೇ ಅರಸೀಕೆರೆಗೆ ಕಳಿಸತೊಡಗಿದರು. "ನಮ್ಮಿಂದ ನಿಮಗೆ ನಷ್ಟ ಆಯ್ತು" ಎಂದು ನಾನೊಮ್ಮೆ ಹೇಳಿದ್ದೆ. "ಆಯ್ತು ಕಣವ್ವ. ಇಲ್ಲ ಅಂದ್ರೆ ಸುಳ್ಳಾಯ್ತದೆ" ಎಂದು ನಕ್ಕರು. ನನಗೆ ಸಮಾಧಾನವಾಗಲೆಂದು ಬೇರೊಂದು ಮಾತನ್ನು ಸೇರಿಸಲಿಲ್ಲ. ಅವರನ್ನು ನಾನು ಎಲ್ಲಕ್ಕಿಂತ ಹೆಚ್ಚು ಗೌರವಿಸಿದ್ದು ಆ ಹೊತ್ತಿನಲ್ಲಿ.

ನಾನು ಈಗ ಹಳೇಬೀಡಿನ ಹತ್ತಿರದ ರಸ್ತೆ ಕೆಲಸದಲ್ಲಿ ಸೂಪರ್‌ವೈಸರ್. ಅಲ್ಲಿ ಕೂಲಿ ಕೆಲಸಕ್ಕೆ ಹಳೇಬೀಡಿನವರೇ ಮೊದಲು. ಅದರಲ್ಲಿ ನಾನು ರಾಜಿಯಾಗುವುದಿಲ್ಲ. ಯಂತ್ರ ಓಡಿಸುವವರಲ್ಲಿ ಮಾತ್ರ ನಮ್ಮೂರಿನವರು ಹೆಚ್ಚು. ಮಳೆಗಾಲ ಕಳೆದ ಒಂದು ಭಾನುವಾರ ಸಾಹುಕಾರರು ಊಟ ಮುಗಿಸಿ ಮಲಗಿದವರು ಏಳಲಿಲ್ಲ. ಮರುದಿನ ಅವರ ತೋಟದಲ್ಲಿ ಮಣ್ಣು ಮಾಡಿದೆವು. ಗುಂಡಿ ತೋಡಲು ರೋಲರ್ ಓಡಿಸುವವರು, ಟಿಪ್ಪರ್ ಓಡಿಸುವವರೆಲ್ಲ ಗುದ್ದಲಿ ಹಿಡಿದು ನಿಂತಿದ್ದರು.

ನನ್ನ ಫೋನು ಹೊಡೆದುಕೊಂಡಿತು. ಹಳೇಬೀಡಿನ ಕೆಲಸದ ಇಂಜಿನಿಯರು, ಹೊಸಬರು. "ಏನ್ ಮೇಡಂ, ನಿಮ್ಮೂರಿನವರು ಒಬ್ರೂ ಬಂದಿಲ್ಲ. ಗಾಡಿಗಳೆಲ್ಲ ನಿಂತಿವೆ" ಎಂದರು.

ಸಾಹುಕಾರರು ಯಾರೆಂದು ಅವರಿಗೆ ಹೇಳಬೇಕಿತ್ತು. ಹೇಳಹೊರಟರೆ ಅಳು ಬರುತ್ತಿತ್ತು.

"ಇವತ್ತು ಸೋಮವಾರ ಸಾರ್" ಎಂದೆ.